ಶೆಟ್ಟಿಹಳ್ಳಿ ಚರ್ಚು ಬೀಳುವ ಮೊದಲು ಬನ್ನಿ, ಆಡೋಣ

ಶಾಂತಿಗ್ರಾಮದ ಸುತ್ತಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಬಂಧುಗಳೇ,

ಹಳೇ ಕಟ್ಟಡ ಕೆಡವುವಾಗ ನೋಟಿಸು ಬರುತ್ತದೆ, ಜೆಸಿಬಿ ಬರುತ್ತದೆ, ನಾಲ್ಕು ಜನ ಅಡ್ಡ ನಿಂತು ಕೂಗುತ್ತಾರೆ. ಶೆಟ್ಟಿಹಳ್ಳಿಯ ರೋಸರಿ ಚರ್ಚಿಗೆ ಇದ್ಯಾವುದೂ ಬರಲಿಲ್ಲ. ಅದನ್ನು ಹೇಮಾವತಿ ಕೆಡವುತ್ತಿದ್ದಾಳೆ, ವರ್ಷಕ್ಕಿಷ್ಟು ಎಂದು. ಮಳೆಗಾಲದಲ್ಲಿ ಗೋಡೆ ಅರ್ಧ ಮುಳುಗಿ ನೆನೆಯುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಹೇಮಾವತಿ ಹೊಳೆಗೆ ಅಡ್ಡ ಕಟ್ಟಿದ ಗೊರೂರು ಅಣೆಕಟ್ಟು ಮುಗಿದ 1979ರಿಂದ ಇದೇ ಆಗಿದೆ. ಸೂರು ಹೋಗಿ ಎಷ್ಟೋ ಕಾಲವಾಯಿತು. ಕಮಾನು, ಕಂಬ, ಒಂದಷ್ಟು ಗೋಡೆ ನಿಂತಿವೆ.

ಯಾರ ಮೇಲೆ ಕೂಗೋಣ? ಅದೇ ನೀರು ನಾಲೆಯಲ್ಲಿ ನಮ್ಮ ಗದ್ದೆಗೂ ಬಂತು. ಎಡದಂಡೆ, ಬಲದಂಡೆ ಎಂದು ಹರಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಭತ್ತ, ಕಬ್ಬು, ತೆಂಗನ್ನು ಕಾದದ್ದು 37 ಟಿಎಂಸಿ ಹಿಡಿಯುವ ಆ ಜಲಾಶಯವೇ. ನಾವು ಉಂಡ ಅನ್ನದಲ್ಲಿ ಶೆಟ್ಟಿಹಳ್ಳಿಯವರು ಬಿಟ್ಟುಕೊಟ್ಟ ನೆಲದ ಪಾಲಿದೆ. ಅಣೆಕಟ್ಟು ಬೇಡವಾಗಿತ್ತು ಎಂದು ಹೇಳುವ ಬಾಯಿ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಸಾಲ ಇದೆ. ಅದನ್ನು ಪೂರ್ತಿ ತೀರಿಸಲಾಗದು. ಇದೆ ಎಂದು ಒಪ್ಪಿಕೊಳ್ಳುವುದಕ್ಕಾದರೂ ಒಂದು ಸಂಜೆ ಕೊಡೋಣ ಎಂದು ಈ ಕರಪತ್ರ.

ಚರ್ಚು 1860ರ ಸುಮಾರಿನದು, ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬ ಮಾತು ಊರಲ್ಲಿದೆ. ಕಟ್ಟಿಸಿದವರು ಅಬ್ಬೆ ದುಬ್ವಾ ಎಂದು ಕೆಲವರು ಹೇಳುತ್ತಾರೆ. ನಮ್ಮ ಜನ ದೊಡ್ಡಸ್ವಾಮಿ ಎಂದು ಕರೆದ ಆ ಪಾದ್ರಿ ಸತ್ತಿಹಳ್ಳಿಯಲ್ಲಿ ರೈತರ ನೆಲೆ ಕಟ್ಟಿದ್ದು ನಿಜ. ಆದರೆ 1823ರಲ್ಲೇ ಫ್ರಾನ್ಸಿಗೆ ಹೊರಟುಹೋದರು. ಲೆಕ್ಕ ಕೂಡುವುದಿಲ್ಲ. ಯಾರ ಹೆಸರು ಬರೆದರೂ, ಕಲ್ಲು ಹೊತ್ತವರು, ಗಾರೆ ಅರೆದವರು ಈ ಸೀಮೆಯ ಕೂಲಿಯವರೇ.

ಈಗ ಅಲ್ಲಿಗೆ ಹೋಗುವವರು ಕಡಿಮೆಯೇನಲ್ಲ. ಮದುವೆಗೆ ಮುಂಚಿನ ಫೋಟೋ, ರೀಲ್ಸ್, ಡ್ರೋನ್. ನವಜೋಡಿಗಳ ಮೇಲೆ ನಮಗೆ ಸಿಟ್ಟಿಲ್ಲ. ಜಾಗ ಚೆಂದ ಇದೆ, ಬರುತ್ತಾರೆ. ಆದರೆ ಅವರ ಫೋಟೋದಲ್ಲಿ ಚರ್ಚು ಹಿಂದಿನ ಪರದೆ, ಅಷ್ಟೇ. ಒಂದು ಸಂಜೆಯಾದರೂ ಅದು ಆಟದ ನಾಯಕನಾಗಲಿ, ನಾವು ಮೇಳದವರಾಗೋಣ.

ಜಾಗಕ್ಕೆ ತಕ್ಕ ಕುಣಿತ ನಮಗೇನು ಹೊಸದು? ಹೊಯ್ಸಳರ ರಾಣಿ ಶಾಂತಲಾದೇವಿಯ ಹೆಸರು ಹೊತ್ತ ಊರು ನಮ್ಮದು. ಆಕೆಯ ಹಾಡು, ಕುಣಿತಗಳನ್ನು ಶಾಸನಗಳೇ ಹೊಗಳಿವೆ. ಬೇಲೂರು ದೇವಸ್ಥಾನದ ನವರಂಗದ ನಡುವೆ ಕುಣಿತಕ್ಕೆಂದು ಆ ದುಂಡು ಕಲ್ಲನ್ನು ಹಾಕಿದವರಿಗೆ ಎಲ್ಲಿ ನಿಂತು ಕುಣಿಯಬೇಕು ಎಂಬುದು ಗೊತ್ತಿತ್ತು. ಜಾಗಕ್ಕೆಂದೇ ಮಾಡುವ ಇಂಥ ಕೆಲಸ ಹೊರದೇಶದಲ್ಲೂ ನಡೆದಿದೆ. 2003ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಒಂದು ಹಳೇ ಮನೋರೋಗ ಆಸ್ಪತ್ರೆಯನ್ನು ಕೆಡವುವ ಮುನ್ನ ಆನಾ ಶೂಲೈಟ್ ಎಂಬ ಕಲಾವಿದೆ ಅದರ ಕೋಣೆ, ಪಡಸಾಲೆಗಳ ತುಂಬ 28,000 ಹೂಕುಂಡ ಇಟ್ಟರು. ರೋಗಿಗಳನ್ನು ನೋಡಲು ಹೂ ಹಿಡಿದು ಬರುವವರು ಕಡಿಮೆ ಇದ್ದ ಆಸ್ಪತ್ರೆ ಅದು. ಅಷ್ಟು ಹೂ ತರುವ ದುಡ್ಡು ನಮ್ಮಲ್ಲಿಲ್ಲ. ತಮಟೆ ಇದೆ, ಕೋಲಿದೆ, ಸೋಬಾನೆ ಹೇಳುವ ಅಜ್ಜಿಯರಿದ್ದಾರೆ.

ಆಟ ಹೀಗೆ. ಬಿದ್ದ ಗೋಡೆ ಎಲ್ಲಿತ್ತೋ ಆ ಗುಂಟ, ನಿಂತ ಗೋಡೆಯಿಂದ ದೂರದಲ್ಲಿ ಸುಣ್ಣದ ಗೆರೆ ಎಳೆಯುತ್ತೇವೆ. ಗೆರೆಯ ಮೇಲೆ ಜನ ಕೈಕೈ ಹಿಡಿದು ನಿಲ್ಲುತ್ತಾರೆ. ಹೋದ ಗೋಡೆ ಒಂದು ಗಳಿಗೆ ಮನುಷ್ಯರಿಂದ ಎದ್ದು ನಿಲ್ಲಬೇಕು. ಅದರ ಮುಂದೆ ಮುಳುಗಡೆಯ ಊರುಗಳ ಹಿರಿಯರು ಒಬ್ಬೊಬ್ಬರಾಗಿ ಬಂದು ತಮ್ಮ ಮನೆ, ಬೀದಿ, ಬಾವಿ, ಹೊಲದ ಹೆಸರು ಕೂಗುತ್ತಾರೆ. ಆ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು, ಉಂಗುರ ತೊಡಿಸಿಕೊಂಡವರು ಈಗಲೂ ಇದ್ದರೆ, ಅಂಥವರಿಗೆ ಮೊದಲ ಜಾಗ. ಒಂದೊಂದು ಹೆಸರಿಗೂ ತಮಟೆಯ ಒಂದು ಪೆಟ್ಟು. ಮಿಕ್ಕದ್ದು ಕೋಲಾಟ, ಕೀರ್ತನೆ, ಕೊನೆಗೆ ಮೂಡಲಪಾಯದವರ ಕುಣಿತ. ವೇದಿಕೆ ಇಲ್ಲ, ಶಾಲು ಹಾರ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಮೈಕು ಬೇಡ ಎಂದರೆ ಕೆಲವು ಮುಖಂಡರು ಬರಲಿಕ್ಕಿಲ್ಲ. ಆಗಲಿ.

ಒಂದು ಮಾತು ಗಟ್ಟಿಯಾಗಿ: ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ನಿಲ್ಲಬೇಡಿ, ಕಲ್ಲಿನ ಚೂರನ್ನೂ ನೆನಪಿಗೆಂದು ಮನೆಗೆ ಒಯ್ಯಬೇಡಿ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದು ಪೇಟೆಯ ನಡುವೆ, ದಿನವೂ ಜನ ಓಡಾಡುತ್ತಿದ್ದ ಜಾಗ. ನಮ್ಮದು ನಾಲ್ಕು ದಶಕ ನೀರು ಕುಡಿದ ಗೋಡೆ. ಹುಡುಗರು ನೀರಿಗೆ ಇಳಿಯುವುದೂ ಬೇಡ.

ಅದೇ ದಿನ ಒಂದು ಅರ್ಜಿಗೆ ಸಹಿ ಹಾಕಿಸುತ್ತೇವೆ. ಚರ್ಚಿನ ಪ್ರತಿ ಗೋಡೆಯನ್ನೂ ಅಳೆದು ನಕ್ಷೆ ಬರೆಸಿ, ಚಿತ್ರ ತೆಗೆಸಿ, ಹಿರಿಯರ ಮಾತು ದಾಖಲಿಸಿ ಹಾಸನದಲ್ಲಿ ಜನರ ಕೈಗೆ ಸಿಗುವಂತೆ ಇಡಬೇಕು. ಸುತ್ತ ಎಚ್ಚರಿಕೆಯ ಬೇಲಿ ಹಾಕಬೇಕು. ಗಟ್ಟಿ ಮಾಡಲು ಸಾಧ್ಯವೇ ಎಂದು ಬಲ್ಲ ಇಂಜಿನಿಯರರು ಬಂದು ನೋಡಿ ಹೇಳಲಿ. ಆಗದು ಎಂದರೆ ಅದನ್ನೂ ಬರೆದು ಕೊಡಲಿ. ಅರ್ಜಿ ಜಿಲ್ಲಾಧಿಕಾರಿಗಳಿಗೆ, ಪ್ರತಿ ಕಾವೇರಿ ನೀರಾವರಿ ನಿಗಮಕ್ಕೆ ಮತ್ತು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ. ಆಟಕ್ಕೆ ಬೇಕಾದ ಅನುಮತಿಯನ್ನೂ ಕೇಳಿಯೇ ಹೋಗುತ್ತೇವೆ.

ದಿನ: ಈಸ್ಟರ್ ಕಳೆದು ಬರುವ ಭಾನುವಾರ. ಉಪವಾಸದ ಕಾಲ ಮುಗಿದಿರುತ್ತದೆ, ನೀರೂ ಇಳಿದಿರುತ್ತದೆ. ಬೆಳಗಿನ ಪೂಜೆ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದು ಆಟ ಸಂಜೆ ನಾಲ್ಕಕ್ಕೆ. ಶಾಂತಿಗ್ರಾಮದ ಬಸ್ ನಿಲ್ದಾಣದಿಂದ ಮಧ್ಯಾಹ್ನ ಎರಡಕ್ಕೆ ಹೊರಡುತ್ತೇವೆ. ಟೆಂಪೋ ಇರುವವರು ಖಾಲಿ ತರಬೇಡಿ, ದಾರಿಯಲ್ಲಿ ಮುದುಕರನ್ನು ಹತ್ತಿಸಿಕೊಳ್ಳಿ. ಬುತ್ತಿ, ಕುಡಿಯುವ ನೀರು ನಿಮ್ಮದು. ಕಸ ವಾಪಸು ನಿಮ್ಮ ಚೀಲದಲ್ಲೇ. ಕೋಲಾಟದ ತಾಲೀಮು ಅದರ ಹಿಂದಿನ ಮೂರು ಸಂಜೆ ಶಾಂತಿಗ್ರಾಮದಲ್ಲಿ. ಹೆಂಗಸರ ತಂಡಕ್ಕೆ ಇನ್ನೂ ಜನ ಬೇಕು. ಕೋಲು ಇಲ್ಲದವರು ಬರಿಗೈಯಲ್ಲೇ ಬನ್ನಿ, ಕೊಡುತ್ತೇವೆ.

— ಶಾಂತಿಗ್ರಾಮ ಸುತ್ತಿನ ಆಟಪಾಟದವರು