ಪ್ರಯೋಗಾಲಯ ತಲುಪುವ ಮೊದಲೇ ಕೆಡುವ ಸಾಕ್ಷ್ಯ

ದೆಹಲಿಯ ಛಾವ್ಲಾದಿಂದ 2012ರ ಫೆಬ್ರುವರಿಯಲ್ಲಿ ಅಪಹರಣಕ್ಕೊಳಗಾದ ಯುವತಿಯ ಶವ ಹರಿಯಾಣದ ಹೊಲವೊಂದರಲ್ಲಿ ಸಿಕ್ಕಿತು. ಮೂವರು ಆರೋಪಿಗಳಿಗೆ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಡಿಎನ್‌ಎ ವರದಿ ಪ್ರಾಸಿಕ್ಯೂಷನ್ ಪರವಾಗಿಯೇ ಇತ್ತು. ಆದರೆ ಫೆಬ್ರುವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಷ್ಟೂ ದಿನ ಅವು ಠಾಣೆಯ ಮಾಲ್‌ಖಾನೆಯಲ್ಲಿದ್ದವು. ಆ ಅವಧಿಯಲ್ಲಿ ಅವುಗಳಿಗೆ ಯಾರೂ ಕೈಹಚ್ಚಿಲ್ಲ ಎಂದು ನಂಬಲು ಆಧಾರವಿಲ್ಲ ಎಂದಿತು ಕೋರ್ಟ್. ತಜ್ಞರು ಯಾವ ವಿಧಾನದಿಂದ ಡಿಎನ್‌ಎ ವರದಿಯ ತೀರ್ಮಾನಕ್ಕೆ ಬಂದರೆಂಬುದನ್ನು ಕೆಳಗಿನ ಎರಡೂ ನ್ಯಾಯಾಲಯಗಳು ಪರಿಶೀಲಿಸದೇ ಇದ್ದದ್ದನ್ನೂ ಎತ್ತಿ ತೋರಿಸಿತು. ಯುವತಿಯ ಹೆತ್ತವರಿಗೆ ನ್ಯಾಯ ಸಿಗಲಿಲ್ಲ. ಆ ಮೂವರು ಅಪರಾಧಿಗಳೋ ನಿರಪರಾಧಿಗಳೋ ಎಂಬುದನ್ನು ವಿಜ್ಞಾನದ ಬಲದಿಂದ ಹೇಳುವ ಅವಕಾಶವೂ ಕೈತಪ್ಪಿತು.

ವಿಧಿವಿಜ್ಞಾನವೆಂದರೆ ನಮ್ಮ ಸರ್ಕಾರಗಳಿಗೆ ಹೊಸ ಕಟ್ಟಡ ಮತ್ತು ದುಬಾರಿ ಯಂತ್ರಗಳೇ ಮೊದಲು ನೆನಪಾಗುತ್ತವೆ. ಅವು ಬೇಕು, ಬೇಡವೆನ್ನುವುದಿಲ್ಲ. ಆದರೆ ಸಾಕ್ಷ್ಯ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಕೃತ್ಯ ನಡೆದ ಸ್ಥಳದಲ್ಲಿ, ಮೊದಲ ಕೆಲವು ಗಂಟೆಗಳಲ್ಲಿ. ಕೊಲೆ ನಡೆದ ಮನೆಗೆ ಮೊದಲು ಬರುವವರು ವಿಜ್ಞಾನಿಗಳಲ್ಲ, ಬೀಟ್ ಪೊಲೀಸರು. ಬಾಗಿಲಿಗೆ ಅಡ್ಡ ನಿಂತು ನೆಂಟರಿಷ್ಟರನ್ನು, ಕ್ಯಾಮೆರಾ ಹಿಡಿದವರನ್ನು, ಕೆಲವೊಮ್ಮೆ ತಮ್ಮ ಮೇಲಧಿಕಾರಿಗಳನ್ನೇ ಹೊರಗೆ ತಡೆಯಬೇಕಾದವರು ಅವರು. ರಕ್ತ ಹತ್ತಿದ ಒದ್ದೆ ಬಟ್ಟೆಯನ್ನು ನೆರಳಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು, ಬೂಷ್ಟು ಹಿಡಿದು, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಹಾಳಾಗುತ್ತದೆ. ಬಿಸಿಲಿಗೆ ಒಣಹಾಕಿದರೂ ಅದೇ ಗತಿ. ಇಬ್ಬರ ಬಟ್ಟೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರಂತೂ ಒಬ್ಬರ ರಕ್ತ ಇನ್ನೊಬ್ಬರ ಬಟ್ಟೆಗೆ ಹೇಗೆ ಬಂತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಜಾಗರೂಕತೆಯಿಂದ ಕೆಲಸ ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನೂ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನೂ ಕೊಂದ ಗುಂಡುಗಳು ಒಂದೇ ಪಿಸ್ತೂಲಿನಿಂದ ಹಾರಿದವು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಎರಡು ವರ್ಷದ ಹಿಂದಿನ ಗುಂಡನ್ನೂ ಅದರ ತೋಟಾವನ್ನೂ ಸರಿಯಾಗಿ ಕಾಪಿಟ್ಟದ್ದರಿಂದಲೇ ಆ ಹೋಲಿಕೆ ಸಾಧ್ಯವಾಯಿತು.

ಯಂತ್ರ ಸೂಕ್ಷ್ಮವಾದಷ್ಟೂ ಸ್ಥಳದಲ್ಲಿನ ಎಚ್ಚರಿಕೆ ಹೆಚ್ಚಬೇಕು ಎಂಬುದು ಇನ್ನೂ ನಮ್ಮ ಮನಸ್ಸಿಗೆ ಇಳಿದಿಲ್ಲ. ಬೆರಳೆಣಿಕೆಯ ಜೀವಕೋಶಗಳಲ್ಲಿರುವ ಡಿಎನ್‌ಎಯನ್ನು ಪಿಸಿಆರ್ ವಿಧಾನ ಕೋಟಿಗಟ್ಟಲೆ ಪ್ರತಿ ಮಾಡಿಕೊಡುತ್ತದೆ. ಅದು ಕೊಲೆಗಾರನದೋ, ಮಹಜರು ಬರೆಯುತ್ತ ಕೆಮ್ಮಿದ ಸಿಬ್ಬಂದಿಯದೋ ಎಂಬ ಭೇದ ಅದಕ್ಕಿಲ್ಲ. ಜರ್ಮನಿ ಇದಕ್ಕೆ ದೊಡ್ಡ ಬೆಲೆ ತೆತ್ತಿತು. 2007ರಲ್ಲಿ ಹೈಲ್‌ಬ್ರಾನ್ ನಗರದಲ್ಲಿ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾಯಿತು. ಅಲ್ಲಿ ಸಿಕ್ಕ ಅಪರಿಚಿತ ಹೆಂಗಸಿನ ಡಿಎನ್‌ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಸುಮಾರು 40 ಪ್ರಕರಣಗಳಲ್ಲಿ ಕಂಡುಬಂದಿತ್ತು. ಪೊಲೀಸರು ಆಕೆಗಾಗಿ ಎಲ್ಲೆಡೆ ಹುಡುಕಿದರು. 2009ರಲ್ಲಿ ತಿಳಿದ ಸತ್ಯ ಬೇರೆಯೇ: ಅದು ಮಾದರಿ ಸಂಗ್ರಹಿಸುವ ಹತ್ತಿಕಡ್ಡಿಗಳ ತಯಾರಿಕೆಯಲ್ಲಿ ತೊಡಗಿದ್ದ ಒಬ್ಬ ಕೆಲಸಗಾರ್ತಿಯ ಡಿಎನ್‌ಎ. ಕಡ್ಡಿಗಳನ್ನು ರೋಗಾಣುಮುಕ್ತ ಮಾಡಲಾಗಿತ್ತು. ಆದರೆ ರೋಗಾಣು ಸತ್ತ ಮಾತ್ರಕ್ಕೆ ಡಿಎನ್‌ಎ ಅಳಿಯುವುದಿಲ್ಲ. ಪ್ರಯೋಗಾಲಯದ ವಿಶ್ಲೇಷಣೆ ಪ್ರತಿ ಸಲವೂ ಸರಿಯಾಗಿತ್ತು, ಅದರ ಕೈಗೆ ಬಂದ ಮಾದರಿ ಮಾತ್ರ ಕೆಟ್ಟಿತ್ತು.

ಮಾದರಿಯನ್ನು ಕಳಿಸಲು ತಡವಾಯಿತು, ಮುದ್ರೆ ಸರಿಯಿರಲಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಕೊಲೆಗಾರರು ಪಾರಾಗುತ್ತಾರೆ, ಕೋರ್ಟುಗಳು ಇಷ್ಟು ಬಿಗಿಯಾಗಬಾರದು ಎಂಬ ವಾದವಿದೆ. ಛಾವ್ಲಾ ತೀರ್ಪು ಬಂದಾಗ ಎದ್ದ ಆಕ್ರೋಶ ನನಗೆ ಅರ್ಥವಾಗುತ್ತದೆ. ಆದರೆ ವಾದ ಒಪ್ಪುವಂಥದ್ದಲ್ಲ. ಪ್ರಯೋಗಾಲಯ ಹೇಳುವುದು ಇಷ್ಟೇ: ನನಗೆ ಬಂದ ಈ ಲಕೋಟೆಯಲ್ಲಿರುವುದು ಇಂಥವರ ಡಿಎನ್‌ಎ. ಲಕೋಟೆಯಲ್ಲಿದ್ದದ್ದು ಕೃತ್ಯದ ಸ್ಥಳದಿಂದಲೇ ಬಂದದ್ದು ಎಂದು ಹೇಳಬೇಕಾದದ್ದು ಅರಗು ಮುದ್ರೆ, ಪಂಚರ ಸಹಿ, ಕೈಯಿಂದ ಕೈಗೆ ದಾಟಿದ ದಾಖಲೆ. ಅದಿಲ್ಲದಿದ್ದರೆ ವರದಿಗೂ ಅಪರಾಧಕ್ಕೂ ನಂಟೇ ಇಲ್ಲ. ತನಿಖಾಧಿಕಾರಿಯ ಪ್ರಾಮಾಣಿಕತೆಯನ್ನು ಕಾಪಾಡುವುದೂ ಅದೇ ದಾಖಲೆ. 2025ರ ಜುಲೈನಲ್ಲಿ ತಮಿಳುನಾಡಿನ ಜೋಡಿಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಯನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿಯಮ ಹಾಕಿಕೊಟ್ಟಿತು. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ತಡವಾದರೆ ಕಾರಣ ಬರೆದಿಡಬೇಕು. ಮಾದರಿ ಯಾರ ವಶದಲ್ಲಿತ್ತು ಎಂಬುದರ ದಾಖಲೆ ಪ್ರಕರಣ ಮುಗಿಯುವವರೆಗೂ ಇರಬೇಕು.

ಇನ್ನೊಂದು ಆಕ್ಷೇಪ ಠಾಣೆಗಳಿಂದ ಬರುವಂಥದ್ದು, ಅದರಲ್ಲಿ ಹುರುಳಿದೆ. ಹಬ್ಬ, ಚುನಾವಣೆ, ಮಂತ್ರಿಗಳ ಭೇಟಿಯ ಬಂದೋಬಸ್ತಿಗೆ ಓಡುವ ಸಿಬ್ಬಂದಿಯೇ ಮಹಜರನ್ನೂ ಮಾಡಬೇಕು, ಮುದ್ದೆಮಾಲನ್ನೂ ಹೊತ್ತೊಯ್ಯಬೇಕು. 48 ಗಂಟೆ ಎಲ್ಲಿಂದ ತರಬೇಕು ಎಂದು ಅವರು ಕೇಳಿದರೆ ತಪ್ಪಲ್ಲ. ಆದರೆ ಇದು ನಿಯಮವನ್ನು ಸಡಿಲಿಸಲು ಕಾರಣವಲ್ಲ, ಆ ಕೆಲಸಕ್ಕೆಂದೇ ಜನರನ್ನು ಕೊಡಲು ಕಾರಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದನ್ನು ಕಡ್ಡಾಯ ಮಾಡಿದೆ, ಜಾರಿಗೆ ರಾಜ್ಯಗಳಿಗೆ 5 ವರ್ಷದ ಕಾಲಾವಕಾಶ ಕೊಟ್ಟಿದೆ. ಕರ್ನಾಟಕ ಅದಕ್ಕೂ ಮೊದಲೇ ‘ಸೋಕೋ’ ಎಂದು ಕರೆಯುವ ಅಪರಾಧ ಸ್ಥಳ ಅಧಿಕಾರಿಗಳನ್ನು ನೇಮಿಸಿಕೊಂಡದ್ದು ಮೆಚ್ಚಬೇಕಾದ ಹೆಜ್ಜೆ. ಅವರಿಗೆ ವಾಹನ, ಕಿಟ್, ಮಾದರಿ ಕೆಡದಂತೆ ಇಡುವ ಶೀತಲ ಪೆಟ್ಟಿಗೆ ಸಿಗಬೇಕು. ಪ್ರತಿ ಠಾಣೆಯಲ್ಲೂ ಸ್ಥಳ ಕಾಯುವ ತರಬೇತಿ ಪಡೆದ ಕಾನ್‌ಸ್ಟೆಬಲ್‌ಗಳಿರಬೇಕು. ಮುಂದಿನ ಬಜೆಟ್ಟಿನಲ್ಲಿ ಹೊಸ ಯಂತ್ರಕ್ಕೆ ಹಣ ತೆಗೆದಿಡುವ ಮೊದಲು ಗೃಹ ಇಲಾಖೆ ಇವುಗಳಿಗೆ ಹಣ ಕೊಡಲಿ. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯ ಪ್ರತಿಯನ್ನು ದೋಷಾರೋಪ ಪಟ್ಟಿಯ ಜೊತೆಗೇ ಆರೋಪಿಗೂ ಸಂತ್ರಸ್ತರ ಕುಟುಂಬಕ್ಕೂ ಕೊಡುವಂತೆ ಆದೇಶ ಹೊರಡಿಸಲಿ.