ದಲ್ಲಾಳಿ ಇಲ್ಲದೆ ಮನೆ ಮಾರಾಟ

ಮಕ್ಕಳ ಓದಿಗೆಂದು ಮನೆ ಮಾರುವವರಿಗೆ ಒಂದೊಂದು ರೂಪಾಯಿಯೂ ಮುಖ್ಯ. 40 ಲಕ್ಷದ ಮನೆಗೆ ಶೇಕಡ 2ರಂತೆ ದಲ್ಲಾಳಿ ಕೊಟ್ಟರೆ 80,000 ರೂಪಾಯಿ. ಅದನ್ನು ಉಳಿಸಬಹುದು, ಆದರೆ ದಲ್ಲಾಳಿಯ ಕೆಲಸವನ್ನು ಮನೆಯವರೇ ಮಾಡಬೇಕು.

ಮೊದಲು ಬೇಕಾದುದು ಋಣಭಾರ ಪತ್ರ, ಅಂದರೆ ಇ.ಸಿ. ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳು ಅದರಲ್ಲಿ ಕಾಣುತ್ತವೆ. ಕರ್ನಾಟಕದಲ್ಲಿ ಕಾವೇರಿ ಜಾಲತಾಣದಲ್ಲಿ ಇದನ್ನು ಪಡೆಯಬಹುದು. ನೋಂದಾಯಿತ ಅಡಮಾನದ ಸಾಲ ತೀರಿದ್ದರೂ ಬಿಡುಗಡೆ ಪತ್ರ ನೋಂದಣಿಯಾಗದಿದ್ದರೆ ಹಳೆಯ ಸಾಲ ಅಲ್ಲಿ ಹಾಗೆಯೇ ಉಳಿದಿರುತ್ತದೆ. ಕೊಳ್ಳುವವರು ಹಿಂದೆ ಸರಿಯಲು ಅಷ್ಟೇ ಸಾಕು.

ನೋಡಲು ಬಂದವರಿಗೆ ಕ್ರಯಪತ್ರದ ನಕಲು ಕೊಡಿ. ಮೂಲಪತ್ರ ಕೈ ಬಿಡಬೇಡಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ 2015ರ ಜೂನ್ 1ರಿಂದ ನಿಷೇಧವಿದೆ. ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಉಳಿಸಿದ ಹಣ ಒಂದೇ ಏಟಿಗೆ ಹೋದೀತು.

ಕರಾರು ಮತ್ತು ಕ್ರಯಪತ್ರಗಳ ಕರಡನ್ನು ವಕೀಲರಿಗೆ ತೋರಿಸುವ ಖರ್ಚನ್ನು ಮಾತ್ರ ಉಳಿಸಬೇಡಿ. ಇಷ್ಟೆಲ್ಲ ನಡೆಯುವಾಗ ಹೈಸ್ಕೂಲು ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಪತ್ರದಲ್ಲಿರುವ ಚೆಕ್ಕುಬಂದಿಯನ್ನು ಓದಿ, ಅಂಗಳದಲ್ಲಿ ನಿಂತು ಪೂರ್ವಕ್ಕೇನು, ಪಶ್ಚಿಮಕ್ಕೇನು ಎಂದು ಅವರೇ ತಾಳೆ ನೋಡಲಿ. ಮುಂದೆ ಮನೆ ಕೊಳ್ಳುವಾಗ ಈ ಪಾಠ ಅವರ ಕೈ ಹಿಡಿಯುತ್ತದೆ.