ಥಂಡಿ ನೀರಿನ ಕಾಯಕ

ಎಳ್ಳ ಅಮಾವಾಸ್ಯೆ ಮುಗಿದು ಪುಷ್ಯ ಮಾಸ ಕಾಲಿಟ್ಟಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಬೆಳಗಿನ ಜಾವ ಕೌದಿಯಿಂದ ಹೊರಬರಲು ಮೈ ಹಿಂಜರಿಯುತ್ತದೆ. ಬೇಸಿಗೆಯಲ್ಲಿ 42-43 ಡಿಗ್ರಿ ಉರಿಬಿಸಿಲನ್ನು ಉಂಡ ಇದೇ ನೆಲದಲ್ಲಿ ಡಿಸೆಂಬರ್-ಜನವರಿಯ ನಸುಕಿನ ಉಷ್ಣಾಂಶ 15 ಡಿಗ್ರಿಗೆ ಇಳಿಯುತ್ತದೆ. ಉತ್ತರದ ಗಾಳಿ ಬೀಸಿದ ಕೆಲವು ದಿನಗಳಲ್ಲಿ 10 ಡಿಗ್ರಿಯ ಆಸುಪಾಸಿಗೂ ಬರುತ್ತದೆ. ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಹಗಲೆಲ್ಲ ಕಾದ ಭೂಮಿ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಅಂಗಿಯ ಗುಂಡಿ ಬಿಚ್ಚುವ ಸೆಕೆ, ನಸುಕಿನಲ್ಲಿ ಹಲ್ಲು ಕಟಕಟಿಸುವ ಥಂಡಿ. ಪರಸಿ ಹಾಸಿ, ಪರಸಿಯನ್ನೇ ಮೇಲೆ ಹೊದಿಸಿದ ಮನೆಗಳಲ್ಲಿ ಇದರ ಅನುಭವ ಇನ್ನೂ ಹೆಚ್ಚು. ಹಗಲಿನ ಬಿಸಿಯನ್ನೆಲ್ಲ ಕಳೆದುಕೊಂಡ ಕಲ್ಲು ಬೆಳಗಿನ ಹೊತ್ತಿಗೆ ಹೇಗಾಗಿರುತ್ತದೆ ಎಂಬುದನ್ನು ಬರಿಗಾಲಲ್ಲಿ ಅಡುಗೆಮನೆಗೆ ನಡೆಯುವ ತಾಯಂದಿರನ್ನೇ ಕೇಳಬೇಕು.

ಹೊರದೇಶಗಳಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳು ರಜೆಗೆ ಬಂದಾಗ ಅಲ್ಲಿಯ ಚಳಿಯ ಕಥೆಗಳನ್ನು ಹೇಳುವುದುಂಟು. ಅವುಗಳಲ್ಲಿ ಗಾಜಿನ ಕಿಟಕಿ ತೊಳೆಯುವವರ ಸಂಗತಿಯೂ ಒಂದು. ಚಳಿದೇಶಗಳ ನಗರಗಳಲ್ಲಿ ಇದೇ ಕೆಲಸದಿಂದ ಹೊಟ್ಟೆ ಹೊರೆಯುವ ಜನರಿದ್ದಾರೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಬಟ್ಟೆಯಿಂದ ಒರೆಸುವ ಮೊದಲೇ ನೀರು ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಕುದಿಯುವ ನೀರು ಹಾಕೋಣವೆಂದರೆ ಹಿಮದಂತಿರುವ ಗಾಜು ಒಮ್ಮೆಲೆ ಬಿಸಿಯೇರಿ ಸೀಳಬಹುದು. ಆದ್ದರಿಂದ ಬಕೀಟಿನ ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ, ಅದು ಹೆಪ್ಪುಗಟ್ಟದಂತೆ ನೋಡಿಕೊಂಡು ಕೆಲಸ ಮುಂದುವರಿಸುತ್ತಾರೆ. ಕೈ ಮಾತ್ರ ಅದೇ ಕೈ. ಅದಕ್ಕೆ ಬೆರೆಸುವ ಸ್ಪಿರಿಟ್ ಯಾವುದೂ ಇಲ್ಲ.

ಈ ಮಾತನ್ನು ಕೇಳಿ ನಾವು ಅಯ್ಯೋ ಎನ್ನುತ್ತೇವೆ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಶಹಾಬಾದ, ವಾಡಿ, ಚಿತ್ತಾಪುರದ ಸುತ್ತಮುತ್ತಲಿನ ಖಣಿಗಳಲ್ಲಿ, ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಮಷಿನ್‌ಗಳ ಬಳಿಯಲ್ಲಿ ಥಂಡಿ ನೀರಿನೊಳಗೆ ಕೈಯಿಟ್ಟು ದಿನ ಕಳೆಯುವವರು ನಮ್ಮ ಕಣ್ಣೆದುರಿಗೇ ಇದ್ದಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವ ವಸ್ತು. 15 ಡಿಗ್ರಿಯ ಗಾಳಿಯಲ್ಲಿ ಅಂಗಿ ತೊಟ್ಟು ನಡೆಯುವವನಿಗೆ ಅದು ಹಿತವಾದ ಚಳಿ. ಅಷ್ಟೇ ಡಿಗ್ರಿಯ ನೀರಿನಲ್ಲಿ ತಾಸುಗಟ್ಟಲೆ ಕೈ ನೆನೆಸಿದವನಿಗೆ ಅದು ಶಿಕ್ಷೆ.

ಶಹಾಬಾದ ಕಲ್ಲೆಂದು ಮಹಾರಾಷ್ಟ್ರದವರೆಗೂ ಹೆಸರಾದ ಈ ಪರಸಿ ಭೀಮಾ ಸೀಮೆಯ ಸುಣ್ಣಕಲ್ಲು. ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ನೆಲದಲ್ಲಿ ಮಲಗಿರುವುದರಿಂದ ಚಾಣ, ಸುತ್ತಿಗೆ, ಹಾರೆಗಳಿಂದಲೇ ಅದನ್ನು ಎಬ್ಬಿಸಬಹುದು. ಸಿಮೆಂಟಿನ ಕಾರಖಾನೆಗಳು ಈ ಭಾಗಕ್ಕೆ ಬಂದದ್ದೂ ಇದೇ ಸುಣ್ಣಕಲ್ಲಿನ ಆಸೆಯಿಂದ. ವಾಡಿಯ ಎ.ಸಿ.ಸಿ. ಕಾರಖಾನೆ 1968ರಲ್ಲಿ ಆರಂಭವಾಯಿತು. ಕಾರಖಾನೆಯ ನೌಕರನಿಗೆ ಪಾಳಿ ಉಂಟು, ಮೇಲೊಂದು ಸೂರು ಉಂಟು. ಪರಸಿಯ ಖಣಿಯವನಿಗೆ ಇರುವುದು ಆಕಾಶ.

ಚಳಿ ಕಳೆದ ಮೇಲೆ ಕೆಲಸ ಮಾಡಬಾರದೇ ಎಂದು ಯಾರಾದರೂ ಕೇಳಬಹುದು. ಮಳೆಗಾಲದಲ್ಲಿ ಖಣಿಗಳಲ್ಲಿ ನೀರು ನಿಲ್ಲುತ್ತದೆ. ಅದನ್ನು ಪಂಪು ಹಚ್ಚಿ ತೆಗೆಯದೆ ಕಲ್ಲು ಕಾಣುವುದಿಲ್ಲ. ಚೈತ್ರ ಬಂದರೆ ಬಿಸಿಲಿಗೆ ಆ ಬಿಳಿಗಲ್ಲು ಹಂಚಿನಂತೆ ಕಾಯುತ್ತದೆ. ಹೀಗೆ ಮಳೆ ಮತ್ತು ಬಿಸಿಲಿನ ನಡುವೆ ದುಡಿಮೆಗೆ ಉಳಿಯುವ ಒಳ್ಳೆಯ ತಿಂಗಳುಗಳೇ ಚಳಿಗಾಲದವು. ತೊಗರಿಯ ಮಾತೂ ಹಾಗೆಯೇ. ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುವುದರಿಂದ ಇಬ್ಬನಿ ಆರುವ ಮೊದಲೇ ಕೊಯ್ಲಿಗೆ ಇಳಿಯಬೇಕು. 2019ರಲ್ಲಿ ಭೌಗೋಳಿಕ ಸೂಚಕದ ಗೌರವ ಪಡೆದ ನಮ್ಮ ಕಲಬುರಗಿ ತೊಗರಿಯ ಹಿಂದೆ, ಸೀರೆಯ ನೆರಿಗೆ ತೊಯ್ದು ತಣ್ಣಗಾದ ಹೆಣ್ಣುಮಕ್ಕಳ ಎಷ್ಟೋ ನಸುಕುಗಳಿವೆ.

ಈಗ ಮಷಿನ್‌ನ ವಿಷಯ. ಕಲ್ಲು ಕೊಯ್ಯುವ ಚಕ್ರದ ಮೇಲೆ ಸತತವಾಗಿ ನೀರು ಬೀಳುತ್ತಿರಬೇಕು. ಅದರಿಂದ ಚಕ್ರ ಕಾಯುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಧೂಳು ಏಳುವುದಿಲ್ಲ. ಪಾಲಿಶ್ ಮಾಡುವಾಗಲೂ ನೀರೇ ಬೇಕು. ಪಾದ ಮುಳುಗುವ ಬಿಳಿಯ ರಾಡಿಯಲ್ಲಿ ನಿಂತು, ಮೊಣಕೈವರೆಗೆ ತೊಯ್ಸಿಕೊಂಡು ದುಡಿಯುವವನಿಗೆ ಥಂಡಿಯ ದಿನ ಬರುವ ಮೊದಲ ವಿಚಾರವೆಂದರೆ ಆ ನೀರನ್ನು ಸ್ವಲ್ಪ ಕಡಿಮೆ ಮಾಡೋಣವೆಂಬುದು. ಅಲ್ಲಿಯೇ ಅಪಾಯ. ನೀರು ನಿಲ್ಲಿಸಿದ ಕ್ಷಣ ಕಲ್ಲಿನ ಧೂಳು ಮೂಗಿಗೆ ಏರುತ್ತದೆ. ಕೈಯ ಚಳಿ ಸಂಜೆಗೆ ಒಲೆಯ ಮುಂದೆ ಇಳಿದೀತು. ಎದೆಗೆ ಇಳಿದ ಧೂಳು ಮರಳಿ ಬರುವುದಿಲ್ಲ. ಆದ್ದರಿಂದ ನೀರನ್ನು ಬಿಡುವಂತಿಲ್ಲ, ನೀರಿನ ಥಂಡಿಯನ್ನು ಕಡಿಮೆ ಮಾಡುವ ದಾರಿ ನೋಡಬೇಕು. ಅದು ಬಹಳ ಖರ್ಚಿನ ಮಾತಲ್ಲ. ರಾತ್ರಿಯೆಲ್ಲ ಬಯಲಿನ ತೊಟ್ಟಿಯಲ್ಲಿ ನಿಂತ ನೀರು ಕೊರೆಯುತ್ತದೆ. ಆಗತಾನೇ ಬೋರಿನಿಂದ ಎತ್ತಿದ ನೀರು ಬೆಚ್ಚಗಿರುತ್ತದೆ. ಬಾವಿಯ ನೀರಿನಿಂದ ಚಳಿಗಾಲದಲ್ಲಿ ಹಬೆ ಏಳುವುದನ್ನು ನೋಡಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆಳಗಿನ ಮೊದಲ ಎರಡು ತಾಸು ತೊಟ್ಟಿಯ ನೀರಿಗೆ ಬದಲು ಬೋರಿನ ನೀರನ್ನೇ ಹರಿಸಿದರೂ ಸಾಕು.

ಕೈಯ ಬಗ್ಗೆ ಒಂದು ಹಳೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅಮೆರಿಕೆಯ ಇಂಡಿಯಾನಾ ಪ್ರಾಂತದ ಬೆಡ್‌ಫರ್ಡ್ ಎಂಬ ಊರು ನಮ್ಮ ಶಹಾಬಾದದಂತೆಯೇ ಸುಣ್ಣಕಲ್ಲಿಗೆ ಹೆಸರಾದದ್ದು. ಅಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಹಿಡಿದು ದುಡಿಯುತ್ತಿದ್ದ ಕಲ್ಲುಕುಟಿಗರ ಬೆರಳುಗಳು ಚಳಿಯ ಮುಂಜಾನೆ ಸುಣ್ಣ ಬಳಿದಂತೆ ಬಿಳುಪೇರಿ, ಸ್ಪರ್ಶವೇ ತಿಳಿಯದಂತಾಗುತ್ತಿದ್ದವು. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲಿ ಅಲ್ಲಿಗೆ ಹೋಗಿ ಅವರನ್ನು ಪರೀಕ್ಷಿಸಿ, ಅದು ಆ ಉಪಕರಣದ ಕಂಪನದಿಂದ ಬಂದ ತೊಂದರೆಯೆಂದೂ, ಚಳಿ ಅದನ್ನು ಕೆರಳಿಸುತ್ತದೆಯೆಂದೂ ತೋರಿಸಿಕೊಟ್ಟರು. ಕಂಪಿಸುವ ಯಂತ್ರ ಹಿಡಿಯುವ ಯಾರಿಗೇ ಆಗಲಿ, ಥಂಡಿಯಲ್ಲಿ ಬೆರಳ ತುದಿ ಬಿಳುಪೇರಿ ಜೋಮು ಹಿಡಿಯುವುದು ಕಂಡುಬಂದರೆ ಅದನ್ನು ‘ಚಳಿಯಲ್ಲವೇ, ಹೋಗುತ್ತದೆ’ ಎಂದು ಬಿಡಬಾರದು. ಬೇಗ ವೈದ್ಯರಿಗೆ ತೋರಿಸಿದರೆ, ಆ ಯಂತ್ರದಿಂದ ದೂರವಿದ್ದರೆ ಹೆಚ್ಚುವುದನ್ನು ತಡೆಯಬಹುದು. ವರ್ಷಗಟ್ಟಲೆ ಕಡೆಗಣಿಸಿದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾದೀತು.

ಚಳಿ ಕಳೆಯಲು ನಮ್ಮವರು ಮೊದಲು ಹುಡುಕುವುದು ಬೀಡಿಯನ್ನು. ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೆರಳಿಗೆ ಬರಬೇಕಾದ ಬಿಸಿ ರಕ್ತವೇ ಕಡಿಮೆಯಾದ ಮೇಲೆ ಬೆಚ್ಚಗಾಗುವುದು ಹೇಗೆ? ಸೆರೆಯದು ಇನ್ನೊಂದು ಮೋಸ. ಅದು ಚರ್ಮದ ನಾಳಗಳನ್ನು ಹಿಗ್ಗಿಸಿ ಮೈ ಬಿಸಿಯಾದಂತೆ ಭ್ರಮೆ ಹುಟ್ಟಿಸುತ್ತದೆ. ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಸಜ್ಜಿ ರೊಟ್ಟಿ, ಎಳ್ಳು-ಬೆಲ್ಲ, ಬಿಸಿ ಅಂಬಲಿ ತಿಂದು ಹೊರಟವನು ಇವರಿಬ್ಬರಿಗಿಂತ ಜಾಣ. ಸಂಕ್ರಾಂತಿಯ ಅಡುಗೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಗೊತ್ತುಮಾಡಲಿಲ್ಲ.

ಮನೆಯವರಿಗೂ ಕೆಲವು ಮಾತುಗಳಿವೆ. ಮಷಿನ್‌ಗೆ ಹೋಗುವವರ ಕೊರಳಿಗೆ ಮಫ್ಲರ್, ಹೆಗಲಿಗೆ ಶಾಲು ಹೊದಿಸಿ ಕಳಿಸಬೇಡಿ. ತಿರುಗುವ ಪಟ್ಟಿಗೆ ಅದರ ಸೆರಗು ಸಿಕ್ಕರೆ ಅನಾಹುತ. ಮೈಗೆ ಅಂಟಿ ಕೂಡುವ ಸ್ವೆಟರ್, ಅದರೊಳಗೆ ಒಂದು ಬನಿಯನ್, ಕಿವಿ ಮುಚ್ಚುವ ಟೊಪ್ಪಿಗೆ, ಕಾಲಿಗೆ ರಬ್ಬರ್ ಬೂಟು ಇವು ಸರಿ. ತಿರುಗುವ ಚಕ್ರದ ಬಳಿ ಸಡಿಲಾದ ಬಟ್ಟೆಯ ಕೈಚೀಲ ಬೇಡವೇ ಬೇಡ. ಕೈ ಮಾತ್ರ ಬೆಚ್ಚಗಿಟ್ಟರೆ ಸಾಲದು, ಎದೆ-ಬೆನ್ನು ಬೆಚ್ಚಗಿದ್ದರೆ ಕೈಗೆ ತಾನಾಗಿ ರಕ್ತ ಬರುತ್ತದೆ. ಒದ್ದೆ ನೆಲದ ಮೇಲೆ ಕರೆಂಟಿನ ಯಂತ್ರ ನಡೆಯುವಲ್ಲಿ ಅರ್ಥಿಂಗ್ ಸರಿಯಿರುವುದು ಎಲ್ಲಕ್ಕಿಂತ ಮೊದಲ ಮಾತು. ಇನ್ನು ರಾತ್ರಿ ಬೆಚ್ಚಗಿರಲೆಂದು ಇದ್ದಲಿಯ ಸಿಗಡಿಯನ್ನು ಕೋಣೆಯೊಳಗಿಟ್ಟು ಕದ ಹಾಕಿಕೊಂಡು ಮಲಗುವವರಿದ್ದಾರೆ. ಅದರಿಂದ ಏಳುವ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ.

ರೈಲಿನ ಹಳಿ ಕಾಯುವವರನ್ನೂ ನೆನೆಯಬೇಕು. 1874ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲುಮಾರ್ಗ ಬಂದು ಕೂಡಿದಂದಿನಿಂದ ಈ ಸೀಮೆಗೂ ಹಳಿಗೂ ನಂಟು. ಕಬ್ಬಿಣ ಚಳಿಗೆ ಕುಗ್ಗುತ್ತದೆ. 13 ಮೀಟರ್ ಉದ್ದದ ಹಳಿ 30 ಡಿಗ್ರಿ ತಣಿದರೆ ಸುಮಾರು 4.5 ಮಿಲಿಮೀಟರ್ ಗಿಡ್ಡಾಗುತ್ತದೆ. ಹಿಂದೆ ಕೂಡುಗಳ ಸಂದಿ ಇದಕ್ಕೆ ಅವಕಾಶ ಕೊಡುತ್ತಿತ್ತು. ಉದ್ದಕ್ಕೂ ಬೆಸೆದ ಹಳಿಗೆ ಕುಗ್ಗಲು ದಾರಿಯಿಲ್ಲದೆ ಒಳಗೆ ಬಿಗಿತ ಬೆಳೆದು, ಬೆಸುಗೆ ಬಿರುಕು ಬಿಡುವ ಭಯವಿರುತ್ತದೆ. ಆದ್ದರಿಂದಲೇ ಚಳಿಗಾಲದ ರಾತ್ರಿಗಳಲ್ಲಿ ಗಸ್ತಿನವರು ಕೈದೀಪ, ಪಟಾಕಿ ಸಂಕೇತ ಹೊತ್ತು ಹಳಿಯ ಗುಂಟ ನಡೆಯುತ್ತಾರೆ. ನಾವು ಬೋಗಿಯ ಕಿಟಕಿ ಮುಚ್ಚಿ ಮಲಗಿದ ಹೊತ್ತಿನಲ್ಲಿ ಹೊರಗೆ ಹಾದುಹೋಗುವ ಆ ಒಂಟಿ ದೀಪ ಅವರದು.

ಮಡಿವಾಳ ಮಾಚಿದೇವರದು ನೀರಿನಲ್ಲಿ ನಿಂತು ಮಾಡಿದ ಕಾಯಕ, ಅಂಬಿಗರ ಚೌಡಯ್ಯನವರದು ಹೊಳೆಯ ಗಾಳಿಗೆ ಮೈಯೊಡ್ಡಿದ ಕಾಯಕ. ಅವರ ಜಯಂತಿಗಳನ್ನು ಇದೇ ಚಳಿಯ ದಿನಗಳಲ್ಲಿ ಆಚರಿಸುತ್ತೇವೆ, ಬೆಚ್ಚನೆಯ ಶಾಲು ಹೊದ್ದು ಹೊದಿಸಿ ಭಾಷಣವನ್ನೂ ಮಾಡುತ್ತೇವೆ. ಸನ್ಮಾನದ ಆ ಶಾಲುಗಳಲ್ಲಿ ಅರ್ಧವಾದರೂ ಖಣಿಯ ಕಡೆಗೆ ಹೋದರೆ ಚೆನ್ನಾಗಿತ್ತು ಎಂದು ನಮಗೆ ಅನ್ನಿಸುವುದುಂಟು.

ಕಾನೂನು ಇಲ್ಲವೇ ಎಂದು ಕೇಳಬಹುದು. 1952ರ ಗಣಿ ಕಾಯ್ದೆಯಲ್ಲಿ ಆರು ಮೀಟರಿಗಿಂತ ಆಳವಿಲ್ಲದ, ಐವತ್ತಕ್ಕಿಂತ ಹೆಚ್ಚು ಜನರಿಲ್ಲದ, ಸಿಡಿಮದ್ದು ಬಳಸದ ಸುಣ್ಣಕಲ್ಲಿನ ಬಯಲು ಖಣಿಗಳಿಗೆ ಬಹುಪಾಲು ನಿಯಮಗಳಿಂದ ವಿನಾಯಿತಿ ಕೊಡಲಾಗಿತ್ತು. ಕೈಯಿಂದ ಕಲ್ಲು ಎಬ್ಬಿಸುವ ಚಿಕ್ಕ ಖಣಿ ಇಂಥದೇ. ಹೀಗಾಗಿ ಸರಕಾರದ ಕೈಗಿಂತ ಮಾಲಿಕರ ಮನಸ್ಸೇ ಅಲ್ಲಿ ದೊಡ್ಡದು. ನಮ್ಮ ಓದುಗರಲ್ಲಿ ಖಣಿ, ಮಷಿನ್ ಇಟ್ಟುಕೊಂಡವರು ಇದ್ದಾರೆ. ಬೆಳಗ್ಗೆ ಏಳಕ್ಕೆ ಬದಲು ಎಂಟಕ್ಕೆ ಕೆಲಸ ಹಚ್ಚಿ, ಒಂದು ತಾಸನ್ನು ಸಂಜೆಗೆ ಸೇರಿಸುವುದು ಅವರ ಕೈಯಲ್ಲಿದೆ. ಲೆಕ್ಕದ ಮೇಲೆ ಕೂಲಿ ಪಡೆಯುವವನು ತಾನಾಗಿ ತಡವಾಗಿ ಬರಲಾರ; ಮಾಲಿಕರೇ ಹೇಳಬೇಕು. ಹೊಸ ಮನೆ ಕಟ್ಟಿಸಿ ನೆಲಕ್ಕೆ ಪಾಲಿಶ್ ಮಾಡಿಸುತ್ತಿರುವವರು ಕೆಲಸದವರಿಗೆ ಚಹಾ ಕೊಡುವುದನ್ನು ಮರೆಯುವುದಿಲ್ಲ. ಅದರ ಜೊತೆಗೆ ಹಂಡೆಯಿಂದ ಒಂದು ಬಕೀಟು ಬಿಸಿನೀರು, ಒರೆಸಿಕೊಳ್ಳಲು ಒಂದು ಒಣ ಟವೆಲ್, ಕೆಲಸ ಮುಗಿದ ಮೇಲೆ ಒಡೆದ ಕೈಗೆ ಹಚ್ಚಿಕೊಳ್ಳಲು ಒಂದಿಷ್ಟು ಕೊಬ್ಬರಿ ಎಣ್ಣೆಯನ್ನೂ ಇಟ್ಟುಕೊಡಿ.